ಪಿಕಲ್‌ಬಾಲ್ ಅಂದ್ರೇನು? ಆಟ, ಒತ್ತಡ ಮತ್ತು ಕಾಲೇಜು ಕ್ಲಬ್ಬು

ಬೆಂಗಳೂರಿನಲ್ಲಿ ಈಗ ಅಪಾರ್ಟ್‌ಮೆಂಟ್ ಟೆರೇಸಾಗಲಿ, ಖಾಲಿ ಸೈಟಾಗಲಿ, ಸ್ವಲ್ಪ ಜಾಗ ಸಿಕ್ಕರೆ ಪಿಕಲ್‌ಬಾಲ್ ಕೋರ್ಟ್ ಆಗುತ್ತಿದೆ. ಅಲ್ಲಿಂದ ತುಮಕೂರಿಗೆ 70 ಕಿಲೋಮೀಟರ್. ದಿನಾ ರೈಲಲ್ಲಿ ಹೋಗಿ ಬರುವವರ ಜೊತೆ ಬೆಂಗಳೂರಿನ ಹೊಸದೆಲ್ಲ ಇಲ್ಲಿಗೂ ಬರುತ್ತದೆ. ಕಾಲೇಜಿಗೆ ಹೋಗುವ ಮಗಳು ಒಂದು ದಿನ "ಕ್ಲಬ್ ಶುರು ಮಾಡ್ತಿದೀವಿ, ಪ್ಯಾಡಲ್‌ಗೆ ದುಡ್ಡು ಕೊಡಪ್ಪ" ಅಂದರೆ ಅಪ್ಪನಿಗೆ ಮೊದಲು ಹೊಳೆಯುವ ಪ್ರಶ್ನೆ: ಇದು ಟೆನಿಸ್ಸಾ, ಶಟಲ್ಲಾ, ಟೇಬಲ್ ಟೆನಿಸ್ಸಾ? ಮೂರೂ ಸ್ವಲ್ಪ ಸ್ವಲ್ಪ ಹೌದು. ನೋಡೋಕೆ ಸುಲಭವಾದ ಈ ಆಟ ಸ್ಪರ್ಧೆಗೆ ಇಳಿದ ಕೂಡಲೇ ಯಾಕೆ ಕಷ್ಟ ಆಗುತ್ತೆ? ಸ್ಕೋರು 9–9 ಆದಾಗ ತಲೆ ಯಾಕೆ ಕೈಕೊಡುತ್ತೆ? ಕಾಲೇಜಿನ ಕ್ಲಬ್ಬು ಎರಡು ತಿಂಗಳಲ್ಲಿ ಮುಚ್ಚದೆ ನಿಲ್ಲಬೇಕಾದರೆ ಏನು ಬೇಕು? ಬುಡದಿಂದ ನೋಡೋಣ.

ಎಲ್ಲಿಂದ ಬಂತು

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬ ಗೆಳೆಯರು ಮನೆಯವರ ಬೇಸರ ಕಳೆಯಲು ಏನಾದರೂ ಆಡಿಸೋಣ ಅಂತ ಹೊರಟರು. ಮನೆ ಹತ್ತಿರ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಆದರೆ ಆಡುವ ಸಾಮಾನು ಪೂರ್ತಿ ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಸಿಕ್ಕವು. ನೆಟ್ಟು ಕೆಳಗಿಳಿಸಿ ಆಡಿಯೇಬಿಟ್ಟರು. ಆಮೇಲೆ ಬಾರ್ನಿ ಮೆಕಲಮ್ ಸೇರಿಕೊಂಡರು, ಮೂವರೂ ಕೂತು ನಿಯಮಗಳನ್ನು ಮಾಡಿದರು.

ಭಾರತಕ್ಕೆ ಈ ಆಟ ತಂದವರು ಮುಂಬೈನ ಸುನೀಲ್ ವಾಲಾವಲ್ಕರ್. 2008ರಲ್ಲಿ ಅಖಿಲ ಭಾರತ ಮಟ್ಟದ ಸಂಘವೂ ಹುಟ್ಟಿತು. ತುಂಬಾ ವರ್ಷ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೋವಿಡ್ ಮುಗಿದ ಮೇಲೆ ಒಮ್ಮೆಲೇ ಹಬ್ಬಿತು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ಕೊಟ್ಟಿತು. ಒಲಿಂಪಿಕ್ಸ್‌ಗೆ ಮಾತ್ರ ಇನ್ನೂ ಸೇರಿಲ್ಲ.

ಕೋರ್ಟ್, ಪ್ಯಾಡಲ್, ಚೆಂಡು

ಹುಟ್ಟಿದ್ದೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಆದ್ದರಿಂದ ಅಳತೆಯೂ ಅದೇ: 44 ಅಡಿ ಉದ್ದ, 20 ಅಡಿ ಅಗಲ. ಸಿಂಗಲ್ಸ್‌ಗೂ ಡಬಲ್ಸ್‌ಗೂ ಒಂದೇ ಕೋರ್ಟ್. ನೆಟ್ಟು ಬದಿಯಲ್ಲಿ 36 ಇಂಚು, ನಡುವೆ 34 ಇಂಚು, ಅಂದರೆ ಹೆಚ್ಚುಕಡಿಮೆ ಸೊಂಟದೆತ್ತರ. ನೆಟ್ಟಿನ ಎರಡೂ ಕಡೆ 7 ಅಡಿವರೆಗಿನ ಪಟ್ಟಿಗೆ ಆಡುವವರು 'ಕಿಚನ್' ಅನ್ನುತ್ತಾರೆ. ಆಟದ ಗುಟ್ಟೆಲ್ಲ ಇರೋದು ಅಲ್ಲೇ, ಮುಂದೆ ಹೇಳ್ತೀನಿ.

ಪ್ಯಾಡಲ್‌ಗೆ ತಂತಿ ಇರಲ್ಲ, ಗಟ್ಟಿ ಹಲಗೆಯ ಹಾಗಿರುತ್ತೆ. ಉದ್ದ 17 ಇಂಚು ಮೀರುವಂತಿಲ್ಲ. ಚೆಂಡಿನ ತೂಕ 22ರಿಂದ 26.5 ಗ್ರಾಂ. ಒಳಾಂಗಣಕ್ಕೆ ಬಳಸುವ ಚೆಂಡಿಗೆ ಸಾಮಾನ್ಯವಾಗಿ 26 ದೊಡ್ಡ ತೂತು, ಬಯಲಿಗೆ ಬಳಸುವುದಕ್ಕೆ 40 ಸಣ್ಣ ತೂತು. ಬಯಲಿನ ಚೆಂಡು ಸ್ವಲ್ಪ ಗಡಸು, ಗಾಳಿಗೆ ಕಮ್ಮಿ ಅಲುಗುತ್ತೆ. ಆದರೂ ಆಷಾಢದ ಗಾಳಿಯಲ್ಲಿ ತೆರೆದ ಮೈದಾನದಲ್ಲಿ ಆಡಿ ನೋಡಿ, ಎಷ್ಟು ಸರಿಯಾಗಿ ಹೊಡೆದರೂ ಚೆಂಡು ತನಗೆ ಬೇಕಾದ ಕಡೆ ಹೋಗುತ್ತೆ. ನಮ್ಮ ಕಡೆ ಜೂನ್-ಜುಲೈನಲ್ಲಿ ಒಳಾಂಗಣ ಸಿಕ್ಕರೆ ಒಳ್ಳೆಯದು.

ನಾಲ್ಕೇ ನಿಯಮ ತಿಳಿದರೆ ಆಡಬಹುದು

ಸರ್ವ್ ಕೆಳಗಿನಿಂದ ಮೇಲಕ್ಕೆ, ಸೊಂಟದ ಕೆಳಗೆ ಚೆಂಡು ತಾಗುವ ಹಾಗೆ, ಕರ್ಣವಾಗಿ ಎದುರಿನ ಪೆಟ್ಟಿಗೆಗೆ (ಕಿಚನ್ನಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು ಇರುವ ಅಂಕಣಕ್ಕೆ) ಹಾಕಬೇಕು. ಚೆಂಡನ್ನು ಕೈಬಿಟ್ಟು, ಪುಟಿದ ಮೇಲೆ ಹೊಡೆದರೂ ನಡೆಯುತ್ತೆ. ಕಿಚನ್ ಗೆರೆಯ ಮೇಲೆ ಬಿದ್ದರೆ ತಪ್ಪು.

ಎರಡನೆಯದು ಎರಡು ಪುಟಿತದ ನಿಯಮ. ಸರ್ವ್ ಒಂದು ಸಲ ನೆಲಕ್ಕೆ ಬಿದ್ದ ಮೇಲೇ ಎದುರಿನವರು ಹೊಡೆಯಬೇಕು. ಅವರು ವಾಪಸ್ ಕಳಿಸಿದ್ದೂ ಈ ಕಡೆ ಒಂದು ಸಲ ಬೀಳಲೇಬೇಕು. ಆಮೇಲೆ ಚೆಂಡನ್ನು ಗಾಳಿಯಲ್ಲೇ ಹೊಡೆಯಬಹುದು. ಹಾಗೆ ಹೊಡೆಯೋದಕ್ಕೆ ವಾಲಿ ಅಂತಾರೆ.

ಮೂರನೆಯದು ಕಿಚನ್. ಅದರೊಳಗೆ ನಿಂತು ವಾಲಿ ಹೊಡೆಯುವಂತಿಲ್ಲ. ಗೆರೆ ತುಳಿದರೂ ತಪ್ಪು. ಹೊರಗಿದ್ದು ಹೊಡೆದು ಆ ರಭಸಕ್ಕೆ ಕಾಲು ಒಳಗೆ ಹೋದರೂ ತಪ್ಪು. ವಾಲಿಯ ಭರದಲ್ಲಿ ತಲೆ ಮೇಲಿನ ಟೋಪಿ ಕಿಚನ್ನಿಗೆ ಬಿದ್ದರೂ ಪಾಯಿಂಟ್ ಹೋಯ್ತು! ಆದರೆ ಚೆಂಡು ಕಿಚನ್ನಿನಲ್ಲಿ ಪುಟಿದಿದ್ದರೆ ಧಾರಾಳವಾಗಿ ಒಳಗೆ ಹೋಗಿ ಹೊಡೆಯಬಹುದು.

ನಾಲ್ಕನೆಯದು ಸ್ಕೋರು, ಹೊಸಬರು ತಡವರಿಸೋದೇ ಇಲ್ಲಿ. ಹಳೇ ಪದ್ಧತಿಯಲ್ಲಿ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್. ಮೊದಲು 11 ಮುಟ್ಟಬೇಕು, ಕನಿಷ್ಠ ಎರಡು ಪಾಯಿಂಟ್ ಅಂತರ ಇರಬೇಕು. ಡಬಲ್ಸ್‌ನಲ್ಲಿ ಸರ್ವ್‌ಗೆ ಮುಂಚೆ ಮೂರು ಅಂಕಿ ಕೂಗುತ್ತಾರೆ. "6–8–1" ಅಂದರೆ ನಮ್ಮದು 6, ಅವರದು 8, ನಮ್ಮ ತಂಡದ ಮೊದಲನೇ ಸರ್ವರ್ ಈಗ ಹೊಡೆಯುತ್ತಿದ್ದಾರೆ. ಆ ರ‍್ಯಾಲಿ (ಸರ್ವ್‌ನಿಂದ ಯಾರಾದರೂ ತಪ್ಪುವವರೆಗಿನ ಆಟ) ಸೋತರೆ "6–8–2", ಜೊತೆಗಾರರ ಸರದಿ. ಅವರೂ ಸೋತರೆ ಸರ್ವ್ ಎದುರಿನವರಿಗೆ. ಆಟ ಶುರುವಾಗುವಾಗ ಮಾತ್ರ ಮೊದಲ ತಂಡಕ್ಕೆ ಒಬ್ಬರದೇ ಸರದಿ, ಅದಕ್ಕೇ "0–0–2" ಅಂತ ಶುರು. ಎರಡು ಗೇಮ್ ಆಡಿದರೆ ಇದು ಬಾಯಿಗೆ ಬಂದುಬಿಡುತ್ತೆ, ಓದಿ ತಲೆಗೆ ಹತ್ತಿಸಿಕೊಳ್ಳೋಕೆ ಹೋಗಬೇಡಿ.

ಜೋರಾಗಿ ಹೊಡೆಯುವವರು ಯಾಕೆ ಸೋಲುತ್ತಾರೆ

ನೆಟ್ಟಿಗೆ ಹತ್ತಿರ, ಕಿಚನ್ ಗೆರೆಗೆ ಹೊಂದಿಕೊಂಡು ನಿಂತ ತಂಡಕ್ಕೆ ಅನುಕೂಲ ಜಾಸ್ತಿ. ಅಲ್ಲಿಂದ ಚೆಂಡನ್ನು ಕೆಳಮುಖವಾಗಿ ಹೊಡೆಯಬಹುದು, ಕೋನ ಚೆನ್ನಾಗಿ ಸಿಗುತ್ತೆ. ಎರಡು ಪುಟಿತದ ನಿಯಮದಿಂದಾಗಿ ಸರ್ವ್ ಮಾಡಿದವರು ಹಿಂದೆಯೇ ನಿಲ್ಲಬೇಕು, ಎದುರಿನವರು ಮಾತ್ರ ಬೇಗ ಮುಂದೆ ಬಂದುಬಿಡಬಹುದು. ಹೀಗಾಗಿ ಟೆನಿಸ್‌ನಲ್ಲಿ ಸರ್ವ್ ಮಾಡುವವರಿಗಿರುವ ಮೇಲುಗೈ ಇಲ್ಲಿ ಇಲ್ಲ.

ಹಿಂದೆ ಸಿಕ್ಕಿಕೊಂಡವರು ಮುಂದೆ ಬರೋದು ಹೇಗೆ? ಮೂರನೇ ಹೊಡೆತವನ್ನು ಮೆತ್ತಗೆ ಎತ್ತಿ ಎದುರಿನ ಕಿಚನ್ನಿನಲ್ಲಿ ಬೀಳಿಸುತ್ತಾರೆ. ಇದಕ್ಕೆ ಥರ್ಡ್ ಶಾಟ್ ಡ್ರಾಪ್ ಅಂತ ಹೆಸರು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು, ಆಮೇಲೆ ಆರಾಮಾಗಿ ಬಾಗಿಲಿಂದ ಹತ್ತುತ್ತಾರಲ್ಲ, ಅದೇ ಲೆಕ್ಕ. ಟವೆಲ್ಲಿನಿಂದ ಪ್ರಯಾಣ ಮುಗಿಯಲ್ಲ, ಸೀಟು ತಲುಪೋಕೆ ಹೊತ್ತು ಸಿಗುತ್ತೆ ಅಷ್ಟೇ. ಡ್ರಾಪ್ ಕೂಡ ಪಾಯಿಂಟ್ ಗೆಲ್ಲಿಸೋದು ಕಮ್ಮಿ. ಚೆಂಡು ನೆಟ್ಟಿಗಿಂತ ತಗ್ಗಿನಲ್ಲಿ ಇರೋದರಿಂದ ಎದುರಿನವರು ಚಚ್ಚೋಕೆ ಆಗಲ್ಲ, ಅಷ್ಟರಲ್ಲಿ ನಾವು ಗೆರೆ ಸೇರಿರುತ್ತೇವೆ.

ನಾಲ್ಕೂ ಜನ ಗೆರೆಗೆ ಬಂದ ಮೇಲೆ ಡಿಂಕ್ ಶುರು. ಕಿಚನ್ನಿನಿಂದ ಕಿಚನ್ನಿಗೆ ಮೆತ್ತಗೆ ದಾಟಿಸುವ ಹೊಡೆತ ಅದು. ಹತ್ತು, ಹದಿನೈದು, ಇಪ್ಪತ್ತು ಸಲ ಹೋಗಿ ಬರುತ್ತೆ. ನೋಡುವವರಿಗೆ ಆಕಳಿಕೆ. ಆಡುವವರು ಮಾತ್ರ ಎದುರಿನವರ ಚೆಂಡು ಯಾವಾಗ ಒಂದು ಗೇಣು ಮೇಲೇಳುತ್ತೆ ಅಂತ ಕಾಯುತ್ತಿರುತ್ತಾರೆ. ಇಲ್ಲಿ ತಾಳ್ಮೆ ತಪ್ಪಿ ಮೊದಲು ಚಚ್ಚಿದವರ ಚೆಂಡು ಸಾಮಾನ್ಯವಾಗಿ ನೆಟ್ಟಿಗೆ ಹೋಗುತ್ತೆ, ಇಲ್ಲವೇ ಕೋರ್ಟಿನಾಚೆ ಬೀಳುತ್ತೆ. ಕ್ರಿಕೆಟ್‌ನಿಂದ, ಶಟಲ್‌ನಿಂದ ಬಂದ ಹುಡುಗರಿಗೆ ಇದನ್ನು ಒಪ್ಪಿಸೋದೇ ಕಷ್ಟ. ನನ್ನನ್ನು ಕೇಳಿದರೆ ಹೊಸಬರಿಗೆ ಸರ್ವ್‌ಗಿಂತ ಮೊದಲು ಡಿಂಕ್ ಕಲಿಸಬೇಕು.

9–9ರಲ್ಲಿ ತಲೆಯೊಳಗೆ ಏನಾಗುತ್ತೆ

ಮೊದಲು ಒಂದು ಸಣ್ಣ ಲೆಕ್ಕ. ಎರಡೂ ಕಡೆಯವರು ಕಿಚನ್ ಗೆರೆಯಲ್ಲಿ ನಿಂತಾಗ ನಡುವಿನ ಅಂತರ 14 ಅಡಿ, ಅಂದರೆ ಸುಮಾರು 4.3 ಮೀಟರ್. ಚೆಂಡು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂತು ಅಂತಿಟ್ಟುಕೊಳ್ಳಿ, ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ನಮ್ಮನ್ನು ಮುಟ್ಟೋಕೆ 0.3 ಸೆಕೆಂಡ್ ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸೋಕೇ 0.2ರಿಂದ 0.25 ಸೆಕೆಂಡ್ ಬೇಕು. ಪ್ಯಾಡಲ್ ಬೀಸೋಕೆ ಉಳಿಯೋದು ಚೂರುಪಾರು ಸಮಯ. ಯೋಚನೆ ಮಾಡೋಕಂತೂ ಉಳಿಯಲ್ಲ. ಅದಕ್ಕೇ ಪಳಗಿದವರು ಪ್ಯಾಡಲನ್ನು ಎದೆಯ ಮುಂದೆ ಎತ್ತಿ ಹಿಡಿದಿರುತ್ತಾರೆ. ಎದುರಿನವರ ಪ್ಯಾಡಲ್ ಯಾವ ಕಡೆ ತಿರುಗಿದೆ ಅಂತ ನೋಡಿ, ಚೆಂಡು ಹೊರಡುವ ಮುಂಚೆಯೇ ಅಂದಾಜು ಹಾಕುತ್ತಾರೆ. ಗಮನ ಒಂದು ಕ್ಷಣ ಹಿಂದಿನ ತಪ್ಪಿನ ಕಡೆ ಹೋಯಿತೋ, ಆ ಅಂದಾಜು ತಪ್ಪಿತು.

ರ‍್ಯಾಲಿ ನಡೆಯುವಾಗ ಯೋಚನೆಗೆ ಪುರಸೊತ್ತೇ ಇಲ್ಲ, ಸರಿ. ತೊಂದರೆ ಇರೋದು ಎರಡು ರ‍್ಯಾಲಿಗಳ ನಡುವೆ. ಅಲ್ಲಿ ಪುರಸೊತ್ತು ಬೇಕಾದಷ್ಟು. "ಈ ಸರ್ವ್ ತಪ್ಪಿದ್ರೆ?" "ಸೀನಿಯರ್ ನೋಡ್ತಿದಾರೆ." "ಪಾರ್ಟ್‌ನರ್ ಏನಂದ್ಕೋತಾನೋ." ಹೀಗೆ ಗಾಬರಿಯಾದಾಗ ಮನುಷ್ಯ ಒಂದು ವಿಚಿತ್ರ ಕೆಲಸ ಮಾಡುತ್ತಾನೆ: ತಾನಾಗೇ ಆಗುತ್ತಿದ್ದ ಹೊಡೆತವನ್ನು ಬಿಡಿಬಿಡಿಯಾಗಿ ಗಮನಿಸೋಕೆ ಶುರು ಮಾಡುತ್ತಾನೆ. ಮಣಿಕಟ್ಟು ಸರಿ ಇದೆಯಾ, ಮೊಣಕಾಲು ಬಗ್ಗಿದೆಯಾ ಅಂತ. ಮೈಗೆ ರೂಢಿಯಾದ ಕೆಲಸಕ್ಕೆ ತಲೆ ಹೀಗೆ ಅಡ್ಡ ಬಂದರೆ ಕೆಲಸ ಕೆಡುತ್ತೆ.

ಮನಶ್ಶಾಸ್ತ್ರಜ್ಞರಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಚೆಂಡು ತಳ್ಳುವ ಪ್ರಯೋಗಗಳಿಂದ ಇದನ್ನೇ ತೋರಿಸಿದರು. ಅದರಲ್ಲಿ ನಮಗೆ ಉಪಯೋಗಕ್ಕೆ ಬರುವ ಅಂಶ ಇನ್ನೊಂದಿದೆ. ವಿಡಿಯೊ ಕ್ಯಾಮೆರಾ ಮುಂದೆ, ಯಾರೋ ನೋಡುತ್ತಾರೆ ಅನ್ನುವ ಅಳುಕಿನಲ್ಲೇ ಅಭ್ಯಾಸ ಮಾಡಿದವರು ಒತ್ತಡ ಬಂದಾಗ ಅಷ್ಟಾಗಿ ಎಡವಲಿಲ್ಲ. ಹಾಗಾಗಿ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಸ್ಟ್ಯಾಂಡಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡುತ್ತಾ, ಸ್ಕೋರು 8–8ರಿಂದ ಶುರು ಮಾಡಿ ಆಡಿದರೆ ಅದು ಬರೀ ತಮಾಷೆ ಅಲ್ಲ, ತಯಾರಿ.

ಪಂದ್ಯದ ನಡುವೆ ಏನು ಮಾಡಬಹುದು? ಸ್ಕೋರು ಕೂಗಿದ ಮೇಲೆ ಸರ್ವ್ ಮಾಡೋಕೆ 10 ಸೆಕೆಂಡ್ ಇರುತ್ತೆ. ಅನುಭವ ಇರುವ ಒಬ್ಬಳು ಹುಡುಗಿ 9–9ರಲ್ಲಿ ಸರ್ವ್‌ಗೆ ನಿಂತಿದ್ದಾಳೆ ಅನ್ನಿ. ಪ್ಯಾಡಲನ್ನು ಎಡಗೈಗೆ ದಾಟಿಸಿ, ಬೆವರಿದ ಬಲಗೈಯನ್ನು ಟೀ ಶರ್ಟಿಗೆ ಒರೆಸುತ್ತಾಳೆ. ಮೂಗಿನಿಂದ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಾಯಿಂದ ಬಿಡುತ್ತಾಳೆ. ಎದುರಿನ ಪೆಟ್ಟಿಗೆಯ ಹಿಂಬದಿ ಮೂಲೆ ನೋಡುತ್ತಾಳೆ. ಚೆಂಡು ಎರಡು ಸಲ ಪುಟಿಸುತ್ತಾಳೆ. "ನೈನ್, ನೈನ್, ಒನ್." ಹೊಡೆಯುತ್ತಾಳೆ. 2–2 ಇದ್ದಾಗಲೂ ಇದೇ ಕ್ರಮ, ಒಂದೂ ಬದಲಾಗಲ್ಲ. ಇದರಲ್ಲಿ ಮಂತ್ರವೇನೂ ಇಲ್ಲ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಸ್ವಲ್ಪ ತಗ್ಗುತ್ತೆ. ಕಣ್ಣಿಗೆ ಒಂದು ಗುರಿ ಸಿಕ್ಕಿದರೆ ಮನಸ್ಸು ಸ್ಕೋರಿನ ಕಡೆ ಓಡೋದು ಕಮ್ಮಿಯಾಗುತ್ತೆ. ಕೆನಡಾದ ಜೋನ್ ವಿಕರ್ಸ್ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ಮಾಡಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಕೆಲಸ ಶುರುವಾಗುವ ಮುಂಚೆ ಪಳಗಿದವರ ಕಣ್ಣು ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ.

11 ಪಾಯಿಂಟಿನ ಗೇಮಿನಲ್ಲಿ ಪ್ರತಿ ತಂಡಕ್ಕೆ ಒಂದೊಂದು ನಿಮಿಷದ ಎರಡು ಟೈಮ್‌ಔಟ್ ಇರುತ್ತೆ. ಹೊಸಬರು ಇದನ್ನು ಹಾಗೇ ಉಳಿಸಿಕೊಂಡು ಸೋಲುತ್ತಾರೆ. ಎದುರಿನವರು ಸತತ ಮೂರು-ನಾಲ್ಕು ಪಾಯಿಂಟ್ ತೆಗೆದಾಗಲೇ ಕೇಳಿಬಿಡಬೇಕು.

ಡಬಲ್ಸ್‌ನ ಒತ್ತಡವೇ ಬೇರೆ. ಇಬ್ಬರಲ್ಲಿ ಯಾರು ಸ್ವಲ್ಪ ಕಚ್ಚಾ ಅಂತ ಎದುರಿನವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಆಮೇಲೆ ಎಲ್ಲಾ ಚೆಂಡೂ ಅವರಿಗೇ. ಇನ್ನೊಬ್ಬರು ಸುಮ್ನೆ ನಿಂತು ಒಳಗೊಳಗೇ ಕುದಿಯುತ್ತಾರೆ. ಆ ಹೊತ್ತಿಗೆ ಉದ್ದುದ್ದ ಸಲಹೆ ಯಾರಿಗೂ ಬೇಡ. "ನಂದು", "ನಿಂದು", "ಬಿಡು, ಔಟು" ಇಷ್ಟು ಕೂಗು ಸಾಕು. ನಡುವೆ ಬರುವ ಚೆಂಡು ಯಾರದು ಅಂತ ಮಾತ್ರ ಆಟಕ್ಕೆ ಮುಂಚೆಯೇ ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಚೆಂಡು ಹಿಂದೆ ಹೋಗಿರುತ್ತೆ.

ಔಟಾ, ಇನ್ನಾ?

ಬಹಳಷ್ಟು ಪಂದ್ಯಗಳಿಗೆ ಅಂಪೈರ್ ಇರಲ್ಲ. ನಮ್ಮ ಕಡೆ ಬಿದ್ದ ಚೆಂಡಿನ ತೀರ್ಪು ನಾವೇ ಕೊಡಬೇಕು. ಅನುಮಾನ ಇದ್ದರೆ ಲಾಭ ಎದುರಿನವರಿಗೆ ಅನ್ನೋದು ಬರೀ ಸೌಜನ್ಯ ಅಲ್ಲ, ಬರೆದಿಟ್ಟ ನಿಯಮ. ಜೊತೆಗಾರರಲ್ಲಿ ಒಬ್ಬರು ಔಟ್, ಇನ್ನೊಬ್ಬರು ಇನ್ ಅಂದರೆ ಅದು ಇನ್. ಗಲ್ಲಿ ಕ್ರಿಕೆಟ್ ಆಡಿ ಬೆಳೆದ ನಮಗೆ ಇದು ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುವ ಮಾತು, ಅಲ್ವಾ? ಆದರೆ ಗೆರೆಯ ಜಗಳ ಒಮ್ಮೆ ಹತ್ತಿಕೊಂಡರೆ ಮುಂದಿನ ಮೂರು ಪಾಯಿಂಟ್ ಅದೇ ಸಿಟ್ಟಿನಲ್ಲಿ ಹೋಗುತ್ತೆ. ನಿಯಮವನ್ನು ಮೊದಲೇ ಒಪ್ಪಿಕೊಂಡವರಿಗೆ ಆ ತಲೆನೋವೇ ಇಲ್ಲ.

ಟೂರ್ನಿ ಮತ್ತು ರೇಟಿಂಗ್

ಟೂರ್ನಿಗಳಲ್ಲಿ ಸಾಮಾನ್ಯವಾಗಿ ಮೊದಲು ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೆ ಆಡುತ್ತಾರೆ, ಆಮೇಲೆ ನಾಕೌಟ್. ವಿಭಾಗಗಳು ವಯಸ್ಸಿನ ಮೇಲೆ, ಇಲ್ಲವೇ ರೇಟಿಂಗ್ ಮೇಲೆ. ಹೆಚ್ಚು ಚಾಲ್ತಿಯಲ್ಲಿರುವ ರೇಟಿಂಗ್ ಡ್ಯೂಪರ್. 2ರಿಂದ 8ರವರೆಗಿನ ಅಂಕಿ ಅದು. ಗೆದ್ದಿರಾ ಸೋತಿರಾ ಅನ್ನೋದರ ಜೊತೆಗೆ ಯಾರ ಮೇಲೆ, ಎಷ್ಟು ಅಂತರದಲ್ಲಿ ಅನ್ನೋದನ್ನೂ ಲೆಕ್ಕ ಹಾಕುತ್ತೆ. ಹೆಚ್ಚು ರೇಟಿಂಗಿನವರ ಮೇಲೆ ನಿರೀಕ್ಷೆಗಿಂತ ಚೆನ್ನಾಗಿ ಆಡಿ ಸೋತರೂ ಏರಬಹುದು. ಹೊಸದಾಗಿ ಕಲಿತವರು 3ರ ಕೆಳಗೆ ಇರೋದು ಮಾಮೂಲು, ಅದಕ್ಕೆ ಮುಖ ಸಪ್ಪಗೆ ಮಾಡಿಕೊಳ್ಳಬೇಕಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಇದು ಬಹುತೇಕ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ಆಟ. ಅಲ್ಲಿನ ಕಾಲೇಜು ಟೂರ್ನಿಗಳಲ್ಲಿ ಒಂದು ತಂಡ ಅಂದರೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಂದು ಮಹಿಳೆಯರ ಡಬಲ್ಸ್, ಒಂದು ಪುರುಷರ ಡಬಲ್ಸ್, ಎರಡು ಮಿಕ್ಸ್‌ಡ್. 2–2 ಆದರೆ ನಾಲ್ವರೂ ಸರದಿಯಂತೆ ಸಿಂಗಲ್ಸ್ ಆಡಿ ತೀರ್ಮಾನ. ಈ ಮಾದರಿಯ ದೊಡ್ಡ ಅನುಕೂಲ ಒಂದಿದೆ. ಹುಡುಗಿಯರನ್ನು ಚಪ್ಪಾಳೆ ತಟ್ಟೋಕೆ ಕೂರಿಸಿದ ಕಾಲೇಜಿಗೆ ತಂಡವೇ ಇರಲ್ಲ! ನಮ್ಮಲ್ಲಿ ಅಂತರ ಕಾಲೇಜು ಪಂದ್ಯ ಇಡುವವರು ಈ ಪದ್ಧತಿಯನ್ನೇ ಇಟ್ಟುಕೊಂಡರೆ ಚೆನ್ನ.

ಕ್ಲಬ್ಬು ನಿಲ್ಲೋದು ಹೇಗೆ

ಶುರು ಮಾಡೋಕೆ ಹೊಸ ಕೋರ್ಟ್ ಬೇಕಿಲ್ಲ. ಕಾಲೇಜಿನ ಬ್ಯಾಡ್ಮಿಂಟನ್ ಕೋರ್ಟಿನ ಹೊರಗೆರೆ ಹಾಗೇ ಬಳಸಬಹುದು. ಅದರಲ್ಲಿ ನೆಟ್ಟಿನಿಂದ 6 ಅಡಿ 6 ಇಂಚಿಗೆ ಸರ್ವೀಸ್ ಗೆರೆ ಇರುತ್ತೆ. ಅದರಿಂದ ಆರು ಇಂಚು ಹಿಂದೆ ಬೇರೆ ಬಣ್ಣದ ಟೇಪು ಅಂಟಿಸಿದರೆ ಕಿಚನ್ ಗೆರೆ ಸಿದ್ಧ. ಆರೇ ಇಂಚು ತಾನೇ ಅಂತ ಬಿಟ್ಟರೆ ಕಾಲು ತಪ್ಪು ಜಾಗಕ್ಕೆ ರೂಢಿಯಾಗಿ, ಟೂರ್ನಿಯಲ್ಲಿ ಪಾಯಿಂಟ್ ಹೋಗುತ್ತೆ. ನೆಟ್ಟು ಕೆಳಗಿಳಿಸಬೇಕು, ನಡುವೆ 34 ಇಂಚು ಇದೆಯಾ ಅಂತ ಅಳತೆ ಟೇಪು ಹಿಡಿದು ನೋಡಬೇಕು. ಬಯಲಲ್ಲಿ ಮಾಡುವುದಾದರೆ ಸುತ್ತ ಓಡಾಡೋಕೆ ಸೇರಿ ಕನಿಷ್ಠ 60ಕ್ಕೆ 30 ಅಡಿ ಜಾಗ ಇರಲಿ. ಇನ್ನೊಂದು ಮಾತು: ಚೆಂಡಿನ ಟಕ್ ಟಕ್ ಸದ್ದು ದೂರಕ್ಕೂ ಕೇಳುತ್ತೆ. ಅಮೆರಿಕದಲ್ಲಿ ಇದೇ ಸದ್ದಿಗೆ ಅಕ್ಕಪಕ್ಕದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಲೈಬ್ರರಿ ಕಿಟಕಿ ಕೆಳಗೆ ಮಾತ್ರ ಬೇಡ.

ಮೊದಲ ವಾರ ಜನ ಮುಗಿಬೀಳುತ್ತಾರೆ, ಅಲ್ಲೇ ಲೆಕ್ಕ ತಪ್ಪೋದು. ಒಂದು ಗೇಮಿಗೆ ಸುಮಾರು 15 ನಿಮಿಷ. ಒಂದೇ ಕೋರ್ಟಿನಲ್ಲಿ ಗಂಟೆಗೆ ನಾಲ್ಕು ಗೇಮ್, ಅಂದರೆ 16 ಜನರಿಗೆ ಒಂದೊಂದು ಅವಕಾಶ. 24 ಜನ ಬಂದರೆ ಎಂಟು ಜನ ಸುಮ್ನೆ ನೋಡಿಕೊಂಡು ಮನೆಗೆ ಹೋಗುತ್ತಾರೆ, ಮಾರನೇ ವಾರ ಬರಲ್ಲ. ಅದರ ಮೇಲೆ "ಗೆದ್ದವರು ಆಡ್ತಾನೇ ಇರಲಿ" ಅಂತ ಪದ್ಧತಿ ಇಟ್ಟರೆ ನಾಲ್ಕು ಜನ ಗಟ್ಟಿಗರದೇ ಕೋರ್ಟು ಆಗುತ್ತೆ. ಜನ ಜಾಸ್ತಿ ಇದ್ದಾಗ ಗೇಮನ್ನು 7 ಪಾಯಿಂಟಿಗೆ ಇಳಿಸಿ, ಆಡಿದ ನಾಲ್ವರೂ ಇಳಿದು ಸರದಿಯಲ್ಲಿದ್ದ ನಾಲ್ವರು ಹತ್ತುವುದು ಸರಳ ಉಪಾಯ. ಸರದಿಗೆ ಚೀಟಿಯೂ ಬೇಡ, ಗೋಡೆ ಪಕ್ಕ ಪ್ಯಾಡಲ್‌ಗಳನ್ನು ಸಾಲಾಗಿ ಇಟ್ಟರೆ ಆಯ್ತು.

ತುಮಕೂರಿನಲ್ಲಿ ಇನ್ನೊಂದು ವಿಷಯ ನೋಡಬೇಕು: ಬಸ್ಸು. ಗುಬ್ಬಿ, ಕೊರಟಗೆರೆ, ಕುಣಿಗಲ್, ಶಿರಾ ಕಡೆಯಿಂದ ದಿನಾ ಬರುವವರು ಕ್ಲಾಸು ಮುಗಿದ ಕೂಡಲೇ ಹೊರಡುತ್ತಾರೆ. ಸಂಜೆ ಐದರ ಮೇಲೆ ಮಾತ್ರ ಆಟ ಅಂದರೆ ಅದು ಹಾಸ್ಟೆಲ್ ಹುಡುಗರ ಕ್ಲಬ್ ಆಗಿಬಿಡುತ್ತೆ. ವಾರದಲ್ಲಿ ಎರಡು ದಿನವಾದರೂ ಊಟದ ಬಿಡುವಿನಲ್ಲೋ ಬೆಳಗ್ಗೆ ಕ್ಲಾಸಿಗೆ ಮುಂಚೆಯೋ ಕೋರ್ಟ್ ತೆಗೆಸಿಕೊಡಿ ಅಂತ ಪಿ.ಟಿ. ಮೇಷ್ಟ್ರನ್ನು ಕೇಳಬೇಕು. ಪ್ಯಾಡಲ್ ಎಲ್ಲರೂ ಕೊಳ್ಳಬೇಕು ಅಂತಲೂ ಇಲ್ಲ. ಚಂದಾ ಎತ್ತಿ ಕ್ಲಬ್ಬಿನದೇ ಎಂಟು ಪ್ಯಾಡಲ್ ತಂದರೆ ನಾಲ್ವರು ಆಡುವಾಗ ಇನ್ನು ನಾಲ್ವರು ಪಕ್ಕದಲ್ಲಿ ಡಿಂಕ್ ಅಭ್ಯಾಸ ಮಾಡಬಹುದು. ಹಣ ಉಳಿದರೆ ಚೆಂಡು ತರಬೇಕು. ಗಡಸು ಚೆಂಡು ಬಿರುಕು ಬಿಡುತ್ತೆ, ಬಿರುಕು ಬಿಟ್ಟ ಚೆಂಡಿನಲ್ಲಿ ಕಲಿತದ್ದು ಯಾವುದಕ್ಕೂ ಬರಲ್ಲ.

ಕಾಲೇಜು ಕ್ಲಬ್ಬುಗಳಿಗೆ ನಿಜವಾದ ಕಂಟಕ ಕೊನೇ ವರ್ಷದವರು ಹೊರಟುಹೋಗೋದು. ಶುರು ಮಾಡಿದವರ ಬ್ಯಾಚು ಮುಗಿದ ಕೂಡಲೇ ನೆಟ್ಟು ಸ್ಟೋರ್ ರೂಮ್ ಸೇರುತ್ತೆ. ಅದಕ್ಕೆ ಎರಡನೇ ವರ್ಷದ ಇಬ್ಬರನ್ನು ಮೊದಲಿನಿಂದಲೇ ಜೊತೆಗಿಟ್ಟುಕೊಂಡು, ಪರೀಕ್ಷೆಗೆ ತಿಂಗಳು ಮುಂಚೆಯೇ ಎಲ್ಲವನ್ನೂ ಒಪ್ಪಿಸಬೇಕು: ಸ್ಟೋರ್ ರೂಮಿನ ಕೀ, ವಾಟ್ಸಾಪ್ ಗ್ರೂಪಿನ ಅಡ್ಮಿನ್, ಡ್ಯೂಪರ್ ಖಾತೆಯ ಪಾಸ್‌ವರ್ಡ್, ಕ್ಲಬ್ಬಿನ ಪ್ಯಾಡಲ್ ಯಾರ ಮನೆಯಲ್ಲಿದೆ, ಚಂದಾ ಯಾರು ಬಾಕಿ ಅನ್ನುವ ಪಟ್ಟಿ.